ನಡುಪಟ್ಟಿ

ಕೌಲ್ ಬಜಾರಿನ ಹೊಲಿಗೆ ಮಷೀನುಗಳು
ಬಾಯಿ ಮುಚ್ಚುವುದು ಹನ್ನೊಂದರ ಮೇಲೆ.
ಆಮೇಲೆಯೇ ನಾನು
ಈ ಕರಿ ಡಬ್ಬಿಯ ಸ್ಕ್ರೂ ಬಿಚ್ಚಿದ್ದು.

ಒಳಗೆ ಕೆಂಪು ಧೂಳು.
ಅದಿರಿನ ಲಾರಿಗಳು ಕಮ್ಮಿಯಾಗಿ ಎಷ್ಟೋ ವರ್ಷ,
ಫ್ಯಾನಿನ ರೆಕ್ಕೆಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ನನ್ನ ಉಗುರಿನ ಸಂದಿಯಲ್ಲಿ ಜೀನ್ಸಿನ ನೀಲಿ.
ಎರಡೂ ಸೋಪಿಗೆ ಬಗ್ಗುವಂಥವಲ್ಲ.

ವಾರದಿಂದ ಡಬ್ಬಿ ಅರ್ಧ ಎದ್ದು,
ಎರಡು ಸಾಲು ಬಿಳಿ ಅಕ್ಷರ ಕಕ್ಕಿ, ಮತ್ತೆ ಮಲಗುತ್ತಿತ್ತು.
ಗುಜರಿಗೆ ಹಾಕು ಅಂದ ಎರ್ರೆಪ್ಪ.
ಹಾಕುವುದಾದರೆ ನಿನ್ನ ಸ್ಕೂಟರನ್ನು, ಅಂದೆ.
ಹದಿನಾಲ್ಕು ವರ್ಷದ ಪ್ಯಾಟರ್ನುಗಳಿವೆ ಇದರಲ್ಲಿ,
ಇಪ್ಪತ್ತೆಂಟರ ನಡುವಿನಿಂದ ನಲವತ್ತನಾಲ್ಕರವರೆಗೆ,
ಬೂಟ್ ಕಟ್, ಪೆನ್ಸಿಲ್,
ಒಬ್ಬರೂ ಕೇಳದಿದ್ದರೂ ಅಳಿಸಲು ಮನಸ್ಸಾಗದ ಬೆಲ್ ಬಾಟಮ್.

ಕೆಟ್ಟಿರುವುದು ಬಟ್ಟೆಯಲ್ಲ, ನಡುಪಟ್ಟಿ.
ಬಿಚ್ಚಬೇಕು, ಬೇರೆ ಹಚ್ಚಬೇಕು,
ಕಾಲಿಗೆ ಕತ್ತರಿ ತಾಗಬಾರದು.
ಇಷ್ಟೇ.
ಇಷ್ಟೇ ಅಂದುಕೊಳ್ಳುತ್ತಲೇ ಅಂಗೈ ಬೆವರಿತು.

ಬ್ಯಾಕಪ್ಪು ಇದೆಯಾ, ಫೋನಿನಲ್ಲಿ ಶಂಶಾದ್ ಕೇಳಿದಳು.
ಅರ್ಧ ಇದೆ ಅಂದೆ.
ಸ್ವಲ್ಪ ಹೊತ್ತು ಆ ಕಡೆ ಬರೀ ಕೂಲರಿನ ಸದ್ದು.

ನಾಲ್ಕು ದೊಡ್ಡ ಡಿಸ್ಕುಗಳ ಬೆನ್ನ ಮೇಲೆ
ಟೇಲರ್ ಚಾಕಿನಿಂದ ನಂಬರು ಬರೆದು,
ವೈರು ಕಿತ್ತು,
ಹಳೇ ಸೀರೆ ಮಡಿಸಿ ಅದರ ಮೇಲೆ ಮಲಗಿಸಿದೆ.
ಮೂರನೆಯದು ಇನ್ನೂ ಬೆಚ್ಚಗಿತ್ತು.

ಪೆನ್‌ಡ್ರೈವಿನಿಂದ ಹೊಸದು ಎದ್ದು ಕೇಳಿತು:
ಯಾವ ಡಿಸ್ಕನ್ನು ಅಳಿಸಲಿ?
ಪಟ್ಟಿಯಲ್ಲಿದ್ದದ್ದು ಒಂದೇ, ಆ ಕೆಟ್ಟುಹೋದ ಪಟ್ಟಿಯ ಚಿಕ್ಕ ಡಿಸ್ಕು.
ಬೇರೇನೂ ಇರಲು ಸಾಧ್ಯವಿಲ್ಲ, ಎಲ್ಲ ಸೀರೆಯ ಮೇಲಿವೆ.
ಆದರೂ ಹೂಂ ಅನ್ನುವ ಮುಂಚೆ
ಎದ್ದುಹೋಗಿ ನೀರು ಕುಡಿದು ಬಂದೆ,
ಬಂದು ಸೀರೆಯ ಮೇಲೆ ಮತ್ತೊಮ್ಮೆ ಎಣಿಸಿದೆ.

ಅರವತ್ತೊಂದು ಪರ್ಸೆಂಟಿಗೆ ಕರೆಂಟು ಹೋಯಿತು.
ಕೋಟೆಗುಡ್ಡದವರೆಗೂ ಕತ್ತಲು.
ಯುಪಿಎಸ್ಸು ಕೀಂ ಕೀಂ ಅನ್ನುತ್ತ
ಹಲ್ಲು ಕಚ್ಚಿ ಹಿಡಿದುಕೊಂಡಿತು.

ಆಯಿತು. ಆರಿಸಿ, ನಾಲ್ಕನ್ನೂ ಸಿಕ್ಕಿಸಿ, ಹಚ್ಚಿದೆ.
ಏನೂ ಇಲ್ಲ.
ಇವತ್ತೇ ಕೆಲಸಕ್ಕೆ ಸೇರಿದ ಹುಡುಗನ ಹಾಗೆ
ಹೊಸ ಪರದೆ ನನ್ನ ಮುಖ ನೋಡುತ್ತಿತ್ತು.
ಹೇಳಿದರೆ ತಾನೇ ಗೊತ್ತಾಗೋದು ಅಂದಳು ಶಂಶಾದ್.
ಇಂಪೋರ್ಟ್ ಅಂತ ಹೊಡೆದೆ.

ಬಂದವು.
ಎಲ್ಲ ಬಂದವು, ಬೆಲ್ ಬಾಟಮ್ ಕೂಡ.
ಆದರೆ ಒಡೆಯರ ಹೆಸರಿನ ಜಾಗದಲ್ಲಿ ನಾನಿಲ್ಲ,
ಸಾವಿರದ ಮೂರು ಎಂಬ ಅಂಕಿ.
ಮೊದಲ ಗಾರ್ಮೆಂಟಿನಲ್ಲಿ ನನಗಿದ್ದದ್ದೂ ಟೋಕನ್ ನಂಬರೇ,
ಎರಡು ವರ್ಷ ಸೂಪರ್‌ವೈಸರ್ ಅದನ್ನೇ ಕೂಗಿದ್ದ.
ಬೈಕೊಳ್ಳುತ್ತ ಒಂದೊಂದೇ ಅಕ್ಷರ ಒತ್ತಿದೆ: ಪಂಪಕ್ಕ.
ಸಾಲುಸಾಲಾಗಿ ಅಂಕಿ ಅಳಿದು ಹೆಸರಾಯಿತು.

ಕೊನೆಗೆ, ಸರಿಯಾಗಿದೆಯಾ ನೋಡಲೆಂದು,
ಯಾವುದೋ ಒಂದನ್ನು ತೆರೆದೆ. ಸುಳ್ಳು. ಅದನ್ನೇ ತೆರೆದೆ.
ಅಮ್ಮ ತೆಲುಗಿನಲ್ಲಿ ಗುಂಡಿ ಎಣಿಸುತ್ತಿದ್ದಾಳೆ,
ಹಿಂದೆ ಮಷೀನಿನ ಗದ್ದಲ,
ಪದಿಹೇನು, ಪದಹಾರು, ಪದಿಹೇಡು...
ಯಾರೋ ಏನೋ ಕೇಳುತ್ತಾರೆ, ಲೆಕ್ಕ ತಪ್ಪುತ್ತದೆ,
ಥೂ ನಿನ್ನ, ಅನ್ನುತ್ತಾಳೆ,
ಗುಂಡಿಗಳನ್ನೆಲ್ಲ ಮತ್ತೆ ತಟ್ಟೆಗೆ ಸುರಿದು
ಒಕಟಿ.