ಯಾವ ಸಿಮ್ಮಾದರೂ

ಮನಾಮದ ಸೂಕ್‌ನಲ್ಲಿ
ಅತ್ತರಿನಂಗಡಿಗೂ ಹಣ ಕಳಿಸುವ ಕೌಂಟರಿಗೂ ನಡುವೆ
ಎರಡು ಮೊಳ ಅಗಲದ ಅಂಗಡಿ ನನ್ನದು.
ನನ್ನದೇನು, ಅರಬಿಯವನದು; ಬಾಡಿಗೆಯೂ ಬೆವರೂ ನನ್ನವು.

ಸಂಜೆಯ ನಮಾಜು ಮುಗಿಸಿ ಷಟರ್ ಅರ್ಧ ಎತ್ತಿದ್ದೆ,
ಬಗ್ಗಿ ಒಳಬಂದ. ಅವನಿಗಿಂತ ಮೊದಲು ಡೀಸೆಲ್ ವಾಸನೆ.
'ಲಾಕ್ ಇಲ್ಲದ್ದು ಬೇಕು' ಎಂದ, ಹಿಂದಿಯಲ್ಲಿ,
'ಯಾವ ದೇಶದ ಸಿಮ್ ಹಾಕಿದರೂ ಹೂಂ ಅನ್ನಬೇಕು.'
ಆ ಹೂಂನಲ್ಲೇ ಸಿಕ್ಕಿಬಿದ್ದ.
'ಊರು ಎಲ್ಲಾಯ್ತು?' ಎಂದೆ.
'ತದಡಿ. ನಿಮ್ಗೆ?'
'ಶಿರೂರು.'
ಇನ್ನು ಬೆಲೆ ಇಳಿಯಲೇಬೇಕೆಂದು ಇಬ್ಬರಿಗೂ ತಿಳಿಯಿತು.

ಜಟ್ಟಪ್ಪ ಖಾರ್ವಿ. ಮೀನಾ ಸಲ್ಮಾನಿನಲ್ಲಿ ಹಡಗು,
ಇಂಜಿನ್ ರೂಮಿನಲ್ಲಿ ಎಣ್ಣೆ ಹಾಕುವ ಕೆಲಸ,
ನಾಳೆ ನಸುಕಿನ ಭರತಕ್ಕೆ ಹೊರಡುವುದು.
ಈಗಿರುವ ಫೋನು ಆಂಟ್‌ವರ್ಪಿನದು, ಅಗ್ಗವೆಂದು ಕೊಂಡದ್ದು,
ಅಲ್ಲಿಯ ಕಂಪನಿಗಲ್ಲದೆ ಬಾಯಿ ಬಿಡದು.
'ಕಟ್ಟಿಕೊಂಡವಳಿಗಿಂತ ಕಟ್ಟುನಿಟ್ಟು'
ಎಂದು ತಾನೇ ನಕ್ಕ.

ಗಾಜಿನ ಮೇಲೆ ಇಟ್ಟೆ: ನೋಕಿಯಾ, ಗುಂಡಿಯದು,
ಬೀಗವೇ ಇಲ್ಲದ್ದು, ಹದಿನೆಂಟು ದಿನಾರು.
ಹದಿನೈದು ಎಂದ. ಹದಿನೇಳೂವರೆ ಎಂದೆ.
'ಮೊದಲು ಪರೀಕ್ಷೆ' ಎಂದು ಕಿಸೆಯಿಂದ ತೆಗೆದದ್ದು
ಸುಣ್ಣದ ಡಬ್ಬಿ. ಒಳಗೆ ಸುಣ್ಣವಿಲ್ಲ,
ಆರು ಸಿಮ್ಮು,
ಹತ್ತಿಯಲ್ಲಿ ಸುತ್ತಿಟ್ಟ ಹಾಲುಹಲ್ಲಿನ ಹಾಗೆ.

ಸಿಂಗಾಪುರ: ಹೂಂ ಅಂದಿತು.
ಕೊಲಂಬೊ: ಸ್ವಲ್ಪ ಯೋಚಿಸಿ, ಹೂಂ.
ಸಾಂತೋಸಿನದು ಸತ್ತಿತ್ತು, ಆದರೂ ಹೆಸರುಗಳ ಪಟ್ಟಿ ಬಿಚ್ಚಿತು:
ಬಂದರಿನ ಏಜೆಂಟ, ಕ್ಷೌರದವ, 'ಮಾರಿಯಾ ಊಟ'.
'ಊಟ ಮಾತ್ರ' ಎಂದ, ನಾನು ಕೇಳದೆ.

ಡರ್ಬನ್ನಿನದು ಹಾಕಿದಾಗ ಲಕೋಟೆ ಮಿಣುಕಿತು.
ಓದದ ಸಂದೇಶ, ಒಂದು.
ತಾರೀಖು ಮೂರು ವರ್ಷ ಹಿಂದಿನದು.
ಆವತ್ತು ಲಂಗರು ಎತ್ತುವ ಗಡಿಬಿಡಿಯಲ್ಲಿ
ಫೋನು ಎಣ್ಣೆನೀರಿಗೆ ಬಿದ್ದು ಸತ್ತು, ಸಿಮ್ಮೊಂದು ಉಳಿದು,
ಆಮೇಲೆ ಬಂದ ಫೋನು ಬೀಗದ್ದಾಗಿ,
ಡಬ್ಬಿಯಲ್ಲೇ ಕೂತಿತ್ತು ಮಾತು.

ಕನ್ನಡಕ ತಂದಿರಲಿಲ್ಲ ಅವನು. ನಾನೇ ಓದಿದೆ,
ಇಂಗ್ಲಿಷ್ ಅಕ್ಷರದ ಕನ್ನಡ, ತಡವರಿಸಿ:
'ಬಣ್ಣ ಹೊಡೆಯುವವರು ಬಂದು ಕೂತಿದ್ದಾರೆ.
ನೀಲಿಯೋ ಹಸಿರೋ. ಬೇಗ ಹೇಳಿ.
ಅವರಿಗೆ ಚಾ ಎರಡು ಸಲ ಆಯಿತು.'

ಇನ್ನೊಮ್ಮೆ ಎಂದ.
ಓದಿದೆ. ಚಾ ಎಂಬಲ್ಲಿಗೆ ಕೈ ಎತ್ತಿ ಸಾಕು ಎಂದ.
'ಹಸಿರು ಹೊಡೆಸಿದ್ಲು.
ಕೇಳದೇ ಹೊಡೆಸಿದ್ಲು ಅಂತ, ರಜೆಗೆ ಹೋದವ
ಇಪ್ಪತ್ತೆರಡು ದಿನ ಮಾತು ಬಿಟ್ಟೆ.
ಕೇಳಿದ್ದೆ ಅಂದ್ಲು. ಸುಳ್ಳು ಅಂದೆ.
ಒಂದಿನ ಬಟ್ಟಲು ದೂಡಿದೆ.'

ಯಾರೋ ರೀಚಾರ್ಜ್ ಕಾರ್ಡು ಕೇಳಿದರು, ಕೊಟ್ಟೆ.
ತಿರುಗಿದರೆ ಅವನು ಫೋನನ್ನು ತೋಳಿನುದ್ದ ದೂರ ಹಿಡಿದು
ಉತ್ತರ ಒತ್ತುತ್ತಿದ್ದಾನೆ,
ಹೆಬ್ಬೆರಳ ಬಿರುಕಿನಲ್ಲಿ ಕಪ್ಪೆಣ್ಣೆ,
ಒಂದು ಅಕ್ಷರಕ್ಕೆ ಮೂರು ಸಲ ಅದೇ ಗುಂಡಿ.
ಆ ಸಿಮ್ಮಿಗೆ ಜೀವವಿಲ್ಲ, ಹೋಗುವುದಿಲ್ಲ ಎಂದೆ.
'ಗೊತ್ತುಂಟು.' ಕಳಿಸಿದ.
ಹೋಗಲಿಲ್ಲ ಎಂದಿತು ಫೋನು.
ಮತ್ತೆ ಕಳಿಸಿದ.

ಇಲ್ಲಿಯ ಸಿಮ್ಮು ಕೊಡಲಾ?
ಈಗ ಅಲ್ಲಿ ಎಷ್ಟು ಗಂಟೆ, ಎಂದು ಕೇಳಿದ
ಇಪ್ಪತ್ತು ವರ್ಷದಿಂದ ಕೈಗಡಿಯಾರದ ಮುಳ್ಳು ತಿರುಗಿಸುತ್ತ ಬಂದವ.
'ಒಂಬತ್ತು. ಮಲಗಿರಲಿಕ್ಕಿಲ್ಲ.'
'ಮಲಗಿರಲಿಕ್ಕಿಲ್ಲ' ಎಂದ ಅವನೂ.
ಸಿಮ್ಮು ಕೊಂಡ. ಹಾಕಲಿಲ್ಲ.
ಡಬ್ಬಿಗೆ ಸೇರಿಸಿದ, ಮುಚ್ಚಿದ, ತೆರೆದ.

ಹದಿನಾರಕ್ಕೆ ಬಿಟ್ಟೆ.
ನೋಟು ಎಣಿಸಿದ, ಹೆಚ್ಚು ಬಂತೇನೋ ಎಂದು ಮತ್ತೆ ಎಣಿಸಿದ.
ಕವರು ಬೇಕಾ, ಪುಕ್ಕಟೆ, ಎಂದೆ.
'ಯಾವ ಬಣ್ಣ ಉಂಟು?'

ಕಪ್ಪು ಮಾತ್ರ ಎಂದೆ.