ಬಣ್ಣ ಕೆರೆದಾಗ

ಮಳವಳ್ಳಿ ದಾಟಿ, ಕೊಳ್ಳೇಗಾಲದ ರಸ್ತೆಯ ಮಗ್ಗುಲಿಗೆ
ಅತಾವುಲ್ಲಾ ಸಾಹೇಬರ ಬಿಚ್ಚಾಣಿಕೆ ಶೆಡ್ಡಿಗೆ
ಸೆಕೆಂಡ್ ಹ್ಯಾಂಡ್ ಯಂತ್ರವೊಂದು ಬಂದಿಳಿಯಿತು:
ಹನ್ನೊಂದು ಪೆಟ್ಟಿಗೆ, ಒಂದರಲ್ಲಿ ಬರೀ ನಟ್ಟು ಬೋಲ್ಟು.

ಜತೆಗೆ ಬಂದವನು ವೂ, ಜಿಯಾಶಿಂಗಿನವನು.
ನಾನು ಫಿಟ್ಟರು. ಅವನಿಗೆ ಕನ್ನಡ ಬಾರದು, ನನಗೆ ಚೀನೀ.
ನಡುವೆ ಒಂದು ಫೋನು, ಅದಕ್ಕೆ ಎರಡೂ ಅರ್ಧಂಬರ್ಧ.
ಬೋಲ್ಟು ಬಿಗಿ ಮಾಡು ಅಂದರೆ
ಮುಖ ಬಿಗಿ ಮಾಡ್ಕೋ ಅಂತ ಹೇಳಿ
ಇಡೀ ಬೆಳಗು ನಗಿಸಿತು.

ತುಕ್ಕು ಎಷ್ಟಿದೆ ನೋಡೋಣವೆಂದು ಮೂರನೇ ದಿನ
ಚೌಕಟ್ಟಿನ ಮೇಲೆ ಉಪ್ಪುಕಾಗದ ಆಡಿಸಿದೆ.
ಹಸಿರು ಹೋಯಿತು, ಕೆಳಗೆ ಬೂದಿ.
ಬೂದಿಯ ಮೇಲೆ ಕೆಂಪಕ್ಷರ. ವೂ ಓದಿದ, ಅವನೂರಿನ ಗಿರಣಿ.
ಇನ್ನೂ ಉಜ್ಜಿದೆ. ಬೂದಿ ಹೋಗಿ ನೀಲಿ,
ಅಲ್ಲಿ ಬೇರೆ ಲಿಪಿ: ಗೆರೆ, ಚೌಕ, ಪುಟ್ಟ ಸೊನ್ನೆ.
'ಕೊರಿಯಾ.'
ನೀಲಿಯಡಿ ಕಬ್ಬಿಣದಲ್ಲೇ ಎರಕ ಹೊಯ್ದ ಮೂರಕ್ಷರ.
ಅದನ್ನವನು ಓದಬಲ್ಲ, ಅವರಂತೆ ಉಚ್ಚರಿಸಲಾರ.
'ಜಪಾನು' ಎಂದ, ಹಳೇ ವ್ಯಾಜ್ಯದ
ಎದುರುಮನೆಯವರ ಹೆಸರು ಹೇಳುವ ಹಾಗೆ, ಮೆಲ್ಲಗೆ.

ಕೆಂಪಾಜಮ್ಮ ಬೇಸಿನ್ ಬಿಟ್ಟು ಎದ್ದುಬಂದಳು,
ಬೆರಳೆಲ್ಲ ಬೆಳ್ಳಗೆ, ಬೆಂದ ಅವರೆಕಾಳಿನ ಸಿಪ್ಪೆ.
'ಇದೇನ್ಲಾ, ಎಷ್ಟ್ ಮನೆಗೆ ಸೊಸೆಯಾಗಿ ಬಂದೈತೆ ಇದು?'
ಫೋನು ಅದನ್ನು ಹೇಳಲು ಒಪ್ಪಲಿಲ್ಲ.

'ಅಗ್ಗದ ಕೈ ಸಿಕ್ಕಿದಲ್ಲಿ ಯಂತ್ರ ಮಲಗುತ್ತದೆ'
ಎಂದ ವೂ. ಅಥವಾ ಫೋನು ಹಾಗೆಂದಿತು.
ಆಮೇಲೆ ಒಂದು ಫೋಟೊ ತೋರಿಸಿದ.
ಅವನಮ್ಮ. ಇದೇ ಯಂತ್ರ, ಇದೇ ಹಬೆ,
ಅದೇ ಬೆಳ್ಳನೆ ಬೆರಳು.
ಗಿರಣಿ ಇದ್ದಲ್ಲಿ ಈಗ ಬ್ಯಾಟರಿ ಮಾಡುತ್ತಾರಂತೆ.
ಅವನ ಮನೆ ಇಪ್ಪತ್ತೆರಡನೇ ಮಹಡಿ, ನಲ್ಲಿ ತಿರುವಿದರೆ ಬಿಸಿನೀರು;
ಅಮ್ಮ ಮಾತ್ರ ಈಗಲೂ
ಬೆರಳದ್ದಿ ನೋಡುತ್ತಾಳಂತೆ, ಗೂಡಿಗೆ ಹದವೇ ಎಂದು.

ಸಾಹೇಬರ ಮಗಳು ನುಜತ್, ಮೈಸೂರಲ್ಲಿ ಅರ್ಥಶಾಸ್ತ್ರ ಓದುವವಳು,
ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದಳು:
ಅವರಿಗೆ ಹಿಡಿದದ್ದು ಇಷ್ಟು ವರ್ಷ, ಇವರಿಗೆ ಅದರರ್ಧ,
ಮುಂದಿನ ಸರದಿ ನಮ್ಮದು,
ನಡುವಿನ ಮೆಟ್ಟಿಲು ಬಿಟ್ಟು ನೇರ ಜಿಗಿಯಬಹುದು.
ಚೆಂದದ ಗೆರೆ. ಮೂಲೆಯ ಹಲ್ಲಿ ಕೂಡ ಸರಿದು ದಾರಿ ಬಿಟ್ಟಿತು.

ಕೆಂಪಾಜಮ್ಮ ಸೆರಗಿಗೆ ಕೈ ಒರಸಿಕೊಂಡಳು.
'ನಾಕು ಜ್ವರ ಕಳ್ದೇ ಹುಳ ಹಣ್ಣಾಗೋದು ಕಣವ್ವ.
ಮೂರ್ನೇದ ಹಾರಿಸ್ಬುಟ್ಟು ಗೂಡು ಕಟ್ಟಿದ್ದ
ನಾನಂತೂ ಕಂಡಿಲ್ಲ.'
'ನಾವು ಹುಳ ಅಲ್ವಲ್ಲ ಅಜ್ಜಿ.'
'ಅಲ್ಲ ಬುಡು.' ಬೇಸಿನ್ ಕಡೆ ನೋಡಿದಳು.
'ಬೇಯೋದ್ಯಾರು ಅಂತ ಮೊದ್ಲೇ ಏಳ್ಬುಡು, ಅಷ್ಟೇಯ.'

ನುಜತ್ ಸೀಮೆಸುಣ್ಣ ಹಿಡಿದೇ ನಿಂತಿದ್ದಳು.
ಕರೆಂಟು ಹೋಯಿತು, ಬಂತು.

ಶನಿವಾರ ಯಂತ್ರ ತಿರುಗಿತು. ಎಳೆ
ಇಷ್ಟು ಸಣ್ಣ, ಬೆಳಕಿಗೆ ಹಿಡಿಯದೆ ಕಾಣದು.
ಸಾಹೇಬರು ಕಣ್ಣೊರೆಸಿಕೊಂಡರು; ಹಬೆಗಿರಬಹುದು.
ಇಪ್ಪತ್ತಾರು ಹೆಂಗಸರ ಕೆಲಸಕ್ಕಿನ್ನು ಏಳು ಜನ ಸಾಕು.
ಏಳರಲ್ಲಿ ಯಾರ್ಯಾರು, ಪಟ್ಟಿ ಇನ್ನೂ ಜೇಬಿನಲ್ಲೇ ಇದೆ.
ಕೆಂಪಾಜಮ್ಮ ಕೇಳಲಿಲ್ಲ. ವೂನ ಕೈಗೆ
ಎಲೆಯಲ್ಲಿ ಸುತ್ತಿದ ಬೆಲ್ಲದಚ್ಚು ಇಟ್ಟಳು:
'ನಿಮ್ಮವ್ವಂಗೆ.'
ಅದಕ್ಕೆ ಫೋನು ಬೇಕಾಗಲಿಲ್ಲ.

ಕೊನೆಗೆ ಬಣ್ಣ ನನ್ನ ಪಾಲಿಗೆ. ಹಳದಿ ತಂದಿದ್ದೆ.
ಹಳದಿಯ ಮೇಲೆ 'ಮಳವಳ್ಳಿ' ಎಂದು ಬರೆದೆ,
ಕೈ ನಡುಗಿ ಳ ಒಂದು ಕೊಂಚ ಹೊಟ್ಟೆಬಾಕನಾಯಿತು.
ಮುಂದೊಂದು ದಿನ ಎಲ್ಲೋ, ಯಾರೋ ಒಬ್ಬ ಫಿಟ್ಟರು
ತುಕ್ಕು ನೋಡಲು ಉಜ್ಜುತ್ತಾ
ಇದಾವ ನಾಡಿನ ದುಂಡಕ್ಷರ ಎಂದು
ಪಕ್ಕದವನನ್ನು ಕೇಳಿಯಾನು.
ಅವನ ತೋಳು ನೋಯದಿರಲೆಂದು
ಒಂದೇ ಕೋಟು ಬಳಿದೆ, ತೆಳ್ಳಗೆ.