ಸೂರಿನ ಫಾಲ್

ಮೇ ಇಪ್ಪತ್ತೆರಡು. ಏಣಿಗೆ ದಿನಬಾಡಿಗೆ ಐವತ್ತು.
ಸೆರಗು ಸೊಂಟಕ್ಕೆ ಬಿಗಿದು ಹತ್ತಿದೆ.
ಕೆಳಗೆ ಏಣಿ ಹಿಡಿದವರು ತಗಡಿನಂಗಡಿಯ ದಸ್ತಗೀರ್ ಸಾಬರು,
"ಅಕ್ಕ, ನೆಲ ನೋಡಬೇಡಿ, ದೋಣಿ ನೋಡಿ" ಎನ್ನುತ್ತಾ.

ಕೋಟೆ ರಸ್ತೆಯ ನಮ್ಮ ಸಾಲಿನಲ್ಲಿ ಇದಕ್ಕೆ ದೋಣಿಯೆಂದೇ ಹೆಸರು:
ಎರಡು ಮನೆಯ ಹಂಚಿನ ಮಾಡು ಮೊಣಕೈ ತಾಗಿಸಿ ನಿಂತಲ್ಲಿ
ನಡುವೆ ಮಲಗಿಸಿದ ತಗಡು.
ಹೊಳೆಯ ದೋಣಿ ನೀರಿನ ಮೇಲೆ ಕೂರುತ್ತದೆ;
ಈ ದೋಣಿಯಲ್ಲಿ ನೀರೇ ಕೂತು ಬೀದಿಗೆ ಹೋಗುತ್ತದೆ.
ಹೋಗಬೇಕು.

ಹೋದ ವರ್ಷ ಹೋಗಲಿಲ್ಲ.

ಈ ಇಳಿಜಾರು ನನ್ನದು, ಆಚೆಯದು ಕಮಲಾಕ್ಷಿಯವರದು.
ದೋಣಿ ಯಾರದ್ದು, ಪತ್ರದಲ್ಲಿ ಬರೆದಿಲ್ಲ.
ಅವರು ತೆಗೆಸಲಿ ಅಂತ ನಾನು, ನಾನು ಅಂತ ಅವರು,
ಎದುರಾದರೆ ಇಬ್ಬರೂ ಆಡಿದ್ದು ಹಾಲಿನ ರೇಟಿನ ಮಾತು.
ಮೂಲೆಯ ಬಾದಾಮಿ ಮರ ಮಾತ್ರ
ಎಲೆ ಉದುರಿಸಲು ಯಾರನ್ನೂ ಕೇಳಲಿಲ್ಲ.

ಆರಿದ್ರೆ ಹಿಡಿದ ಮೂರನೇ ರಾತ್ರಿ
ಗೋಡೆ ಸದ್ದಿಲ್ಲದೆ ಕುಡಿಯತೊಡಗಿತು.
ಸದ್ದು ಮಾಡಿದ್ದರೆ ಬಕೆಟ್ ಇಡುತ್ತಿದ್ದೆ.
ಸೋರುವ ಮಾಡು ಪ್ರಾಮಾಣಿಕ, ಟಪ್ ಟಪ್ ಎಂದು ಒಪ್ಪಿಕೊಳ್ಳುತ್ತದೆ.
ಒಳಗೊಳಗೇ ನೆನೆಯುವ ಗೋಡೆ
ಬಣ್ಣ ಹೊದ್ದು ನಗುತ್ತಿರುತ್ತದೆ.

ಆ ಗೋಡೆಗೆ ಒರಗಿದ್ದು ನನ್ನ ಬೀರು,
ಬೀರುವಿನಲ್ಲಿ ಫಾಲ್ ಹಚ್ಚಲು ಬಂದ ಹನ್ನೊಂದು ಸೀರೆ.
ಹತ್ತರದು ಒಗೆದರೆ ಹೋಗುವ ಕಲೆ.
ಹನ್ನೊಂದನೆಯದು ಹೊಸನಗರದ ಕಡೆಯ ಮದುಮಗಳದು,
ಎಲೆಹಸಿರು, ಕೆಂಪಂಚು,
ಮಡಿಕೆಯ ಮೇಲೆ ಮಣ್ಣುಬಣ್ಣದ ಒಂದೇ ಗೆರೆ,
ಯಾರೋ ಟೇಪು ಹಿಡಿದು ಎಳೆದ ಹಾಗೆ.

ಹುಡುಗಿ ಬೈಯಲಿಲ್ಲ. ಗೆರೆಯ ಮೇಲೆ ಬೆರಳಾಡಿಸಿ
"ಒಳಗಡೆ ಬರತ್ತೆ ಬಿಡಿ, ಕಾಣಲ್ಲ" ಅಂದಳು.
ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಮೂವತ್ತು ವರ್ಷ ನಾನು ಊರಿಗೆಲ್ಲ ಹೇಳಿದ್ದು ಅದನ್ನೇ:
ಕಾಣದ ಕಡೆಯೇ ಸೀರೆ ಸವೆಯುವುದು,
ಅಂಚು ನೆಲಕ್ಕೆ ಉಜ್ಜುವಲ್ಲಿ, ಹಿಮ್ಮಡಿ ತುಳಿಯುವಲ್ಲಿ.
ಹೊಗಳುವವರು ಸೆರಗು ಹೊಗಳುತ್ತಾರೆ;
ಉಳಿಸುವುದು ಅಂಗೈ ಅಗಲದ ಆ ಪಟ್ಟಿ.
ಇಷ್ಟು ಗೊತ್ತಿದ್ದವಳ ಸೂರಿಗೇ ಫಾಲ್ ಬಿಚ್ಚಿತ್ತು.

ಈಗ ದೋಣಿಯೊಳಗೆ ಕೈ.
ಗೊಬ್ಬರವಾದ ಎಲೆ, ಒಂದು ಶಟಲ್ ಕಾಕ್,
ಗಾಳಿಪಟದ ಕಡ್ಡಿ, ಹಂಚಿನ ಚೂರು,
ಕಾಗೆ ತಂದಿಟ್ಟ ಕೋಳಿಮೂಳೆ
(ಕಮಲಾಕ್ಷಿಯವರಿಗೆ ಹೇಳಲಾರೆ),
ಮತ್ತು ಮೂಲೆಯಲ್ಲಿ, ಗೇಣುದ್ದ, ಅಶ್ವತ್ಥದ ಸಸಿ.
ಬೇರು ಆಗಲೇ ಗಾರೆಯ ಸಂದಿಯಲ್ಲಿ ದಾರಿ ಕೇಳುತ್ತಿದೆ.

"ಕೀಳಬೇಡಿ ಮಾರಾಯ್ರೇ, ಪಾಪ ಬರತ್ತೆ!"
ಆಚೆ ಕಿಟಕಿ. ಹಾಲಿನ ರೇಟು ಬಿಟ್ಟು ಮೊದಲ ಮಾತು.
"ಬಿಟ್ಟರೆ ನಿಮ್ಮ ಗೋಡೆಯೂ ಉಳಿಯಲ್ಲ" ಅಂದೆ.
ಏಣಿಯ ಬುಡದಿಂದ ಸಾಬರು:
"ಬೇರು ಸಮೇತ ಬಿಡಿಸಿ, ಕವರಿಗೆ ಹಾಕಿ ಕೊಡಿ,
ತುಂಗೆ ದಂಡೆಗೆ ನೆಡ್ತೀನಿ.
ಪಾಪ, ಅದಕ್ಕೂ ಕಾಲು ಚಾಚೋಕೆ ಜಾಗ ಬೇಕಲ್ಲ."
ಕಿಟಕಿಯಿಂದ ಹಾಲಿನ ಕವರ್ ಬಂತು, ಖಾಲಿ, ತೊಳೆದದ್ದು.

ಮಧ್ಯಾಹ್ನಕ್ಕೆ ತೂತುಗಳಿಗೆ ಬೆಸುಗೆ ಬಿತ್ತು,
ಬೀದಿ ಕಡೆಗೆ ಎರಡು ಬೆರಳು ಇಳಿಜಾರು.
ನಾನು ಮತ್ತೆ ಹತ್ತಿ ಒಂದು ಬಿಂದಿಗೆ ಸುರಿದೆ,
ನೀರು ತುಸು ನಿಂತು ಯೋಚಿಸಿ, ಹೊರಟಿತು.
ಬೀದಿಯಲ್ಲಿ ತಲೆಯೆತ್ತಿ ನಿಂತಿದ್ದ ಕಮಲಾಕ್ಷಿಯವರು
"ಬಂತು" ಅಂದರು.

ಇನ್ನೊಂದು ಬಿಂದಿಗೆ ಅವರ ಮನೆಯದೇ ಕೇಳಿದೆ.